ಹೊಗೆಸೊಪ್ಪಿನ ಲೈಸೆನ್ಸು, ಬಾಕಿ ಫೀಜು, ಕೋರ್ಟಿನ ಅಪೀಲು

(ಸಂಘದ ಬೆಳ್ಳಿಹಬ್ಬದ ಎರಡನೆಯ ದಿನ ಸದಸ್ಯರ ಗೋಷ್ಠಿಯಲ್ಲಿ ಬೆಂಗಳೂರು ಚಾಮರಾಜಪೇಟೆಯ ವಕೀಲರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ದಿನ ಕೋರ್ಟು ಕಚೇರಿ ಮಾತು ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ನಾನಾಗಿ ಈ ವಿಷಯ ಆರಿಸಿಕೊಂಡಿದ್ದಲ್ಲ. ಕಾರ್ಯದರ್ಶಿಗಳು ಹದಿನೈದು ದಿನದ ಹಿಂದೆ ನಮ್ಮ ಆಫೀಸಿಗೆ ಬಂದು, "ಸ್ವಾಮಿ, ಸಹಕಾರ ಚಳವಳಿ ನಡೆದು ಬಂದ ದಾರಿ ಅಂತ ಭಾಷಣ ಮಾಡೋರು ಇನ್ನು ಮೂರು ಜನ ಇದ್ದಾರೆ. ನೀವು ಅಂಗಡಿ ಲೈಸೆನ್ಸಿನ ವಿಚಾರ ಹೇಳಿ" ಅಂದರು. ಅವರು ಹಾಗೆ ಹೇಳುವುದಕ್ಕೆ ಕಾರಣ ಇದೆ. ಈ ಊರಿನ ಎಷ್ಟೋ ಮನೆಗಳ ಹುಡುಗರು ಬೆಂಗಳೂರಿನಲ್ಲಿ ಪೆಟ್ಟಿಗೆ ಅಂಗಡಿ ಇಟ್ಟಿದ್ದಾರೆ. ಬಸವನಗುಡಿಯ ಗಾಂಧಿ ಬಜಾರಿನ ಅಕ್ಕಪಕ್ಕ, ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನ ಕಡೆ. ಬಾಳೆಹಣ್ಣು, ಎಲೆ ಅಡಿಕೆ, ಸೋಡಾ, ಬೀಡಿ, ಸಿಗರೇಟು, ಕಡ್ಡಿಪುಡಿ, ನಶ್ಯ. ಆ ಅಂಗಡಿಗಳಿಗೆ ಬಂಡವಾಳ ಕೊಟ್ಟಿದ್ದು ತಮ್ಮ ಈ ಸಂಘ. ಊರಿನಲ್ಲಿರುವ ಅಣ್ಣನೋ ಮಾವನೋ ಜಾಮೀನು ಹಾಕಿದ್ದಾರೆ. ಅಲ್ಲಿ ಅಂಗಡಿಗೆ ಬೀಗ ಬಿದ್ದರೆ ಇಲ್ಲಿ ಸುಸ್ತಿ ಬಾಕಿ ಏರುತ್ತದೆ, ಜಾಮೀನುದಾರರ ಮನೆಗೆ ನೋಟೀಸು ಹೋಗುತ್ತದೆ. ಈಗ ಅಂಥ ಏಳೆಂಟು ಅಂಗಡಿಗಳಿಗೆ ಲೈಸೆನ್ಸ್ ಫೀಜಿನ ಬಾಕಿ ಕಟ್ಟಿ ಅಂತ ತಗಾದೆ ಬಂದಿದೆಯಂತೆ. "ಕೋರ್ಟಿಗೆ ಹೋಗೋಣ, ಇದು ಫೀಜಲ್ಲ, ತೆರಿಗೆ" ಅಂತ ಯಾರೋ ಅವರಿಗೆ ಹೇಳಿಕೊಟ್ಟಿದ್ದಾರಂತೆ. ಹೇಳಿಕೊಟ್ಟವರ ಮಾತು ಪೂರ್ತಿ ಸುಳ್ಳಲ್ಲ. ಅದಕ್ಕೇ ಅದು ಅಪಾಯ.

ಮೊದಲು ಹಳೆಯದೊಂದು ಸಂಗತಿ. ಹೊಗೆಸೊಪ್ಪಿಗೂ ಸರ್ಕಾರಕ್ಕೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಕೆನರಾ ಮತ್ತು ಮಲಬಾರು ಜಿಲ್ಲೆಗಳಲ್ಲಿ ಹೊಗೆಸೊಪ್ಪಿನ ವ್ಯಾಪಾರ ಪೂರಾ ಸರ್ಕಾರದ ಕೈಲಿತ್ತು. ಉಪ್ಪೂ ಹಾಗೇ. 1837ರ ಏಪ್ರಿಲ್‌ನಲ್ಲಿ ಅಮರ ಸುಳ್ಯದಿಂದ ಹೊರಟು ಮಂಗಳೂರಿನ ಬಾವುಟಗುಡ್ಡೆಯವರೆಗೆ ಹೋದ ರೈತರ ದಂಡು ಜನರಿಗೆ ಕೊಟ್ಟ ಭರವಸೆಗಳಲ್ಲಿ ಉಪ್ಪಿನ ಮತ್ತು ಹೊಗೆಸೊಪ್ಪಿನ ಮೇಲಿನ ಹೊರೆ ತೆಗೆಯುವುದೂ ಒಂದು. ಎಲೆಅಡಿಕೆ ಚೀಲದೊಳಗೆ ಸರ್ಕಾರ ಕೈ ಹಾಕಿದರೆ ಜನಕ್ಕೆ ಎಷ್ಟು ಸಿಟ್ಟು ಬರುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಈಗ ಕೋರ್ಟಿಗೆ ಬರೋಣ. ಫೀಜು ಬೇರೆ, ತೆರಿಗೆ ಬೇರೆ ಅಂತ ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯ ಮೊದಲು ಬಿಡಿಸಿ ಹೇಳಿದ್ದು ನಮ್ಮ ಕರಾವಳಿಯ ಒಂದು ಮೊಕದ್ದಮೆಯಲ್ಲಿ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳಿಗೂ ಅಂದಿನ ಮದರಾಸು ಸರ್ಕಾರದ ಧರ್ಮಾದಾಯ ಇಲಾಖೆಗೂ ನಡೆದ ವ್ಯಾಜ್ಯ ಅದು. ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಮಠದ ವರಮಾನದಲ್ಲಿ ನೂರಕ್ಕೆ ಐದರವರೆಗೆ ಇಲಾಖೆಗೆ ಕೊಡಬೇಕು ಅಂತ 1951ರ ಕಾಯ್ದೆ ಹೇಳಿತ್ತು. 1954ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದರ ಸಾರಾಂಶ ಇಷ್ಟು: ಒಂದು ಸೇವೆಗೆ ಪ್ರತಿಯಾಗಿ ತೆಗೆದುಕೊಂಡು, ಆ ಸೇವೆಗೇ ಬೇರೆ ಇಟ್ಟರೆ ಅದು ಫೀಜು. ಸರ್ಕಾರದ ಒಟ್ಟು ಖಜಾನೆಗೆ ಸುರಿದುಬಿಟ್ಟರೆ ಅದಕ್ಕೆ ಯಾವ ಹೆಸರಿಟ್ಟರೂ ತೆರಿಗೆಯೇ. ಈ ವಸೂಲಿ ತೆರಿಗೆ, ಇದನ್ನು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಅಂತ ಅದನ್ನು ರದ್ದು ಮಾಡಿತು.

ಈ ತೀರ್ಪು ಬಂದದ್ದೇ ತಡ, ದೇಶದಲ್ಲೆಲ್ಲ ಲೈಸೆನ್ಸ್ ಫೀಜು ಕಟ್ಟುವವರಿಗೆ ಒಂದು ಆಯುಧ ಸಿಕ್ಕಿದ ಹಾಗಾಯಿತು. "ನನ್ನ ಅಂಗಡಿಗೆ ನೀವು ಏನು ಸೇವೆ ಮಾಡಿದ್ದೀರಿ? ಚರಂಡಿ ತೊಳೆದಿದ್ದೀರಾ? ದೀಪ ಹಾಕಿದ್ದೀರಾ?" ಅಂತ ಕೇಳುವವರು ಹೆಚ್ಚಿದರು. ತಮ್ಮ ಹುಡುಗರಿಗೆ ಹೇಳಿಕೊಟ್ಟಿರುವುದೂ ಈ 1954ರ ಮಾತೇ. ಆದರೆ ಅದಾದ ಮೇಲೆ ಎಪ್ಪತ್ತು ವರ್ಷ ಕೋರ್ಟುಗಳು ಸುಮ್ಮನೆ ಕೂತಿರಲಿಲ್ಲವಲ್ಲ!

ಹೊಗೆಸೊಪ್ಪು ಮಾರುವ ಲೈಸೆನ್ಸಿನ ಫೀಜಿನ ಬಗ್ಗೆಯೇ ನಡೆದ ದೊಡ್ಡ ಅಪೀಲು ನಮ್ಮ ನೆರೆಯ ಕೇರಳದ್ದು. ಅಬ್ದುಲ್ ಖಾದರ್ ಮೊಕದ್ದಮೆ ಅಂತ ಕಾನೂನು ಪುಸ್ತಕಗಳಲ್ಲಿ ಹೆಸರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಗೆದ್ದವರು ಕೊನೆಗೆ ಏನಾದರು ಅನ್ನುವುದು ಇದರಲ್ಲಿದೆ.

ಕೊಚ್ಚಿ ಮತ್ತು ತಿರುವಾಂಕೂರು ಸಂಸ್ಥಾನಗಳಲ್ಲಿ ರಾಜರ ಕಾಲದಿಂದಲೂ ಹೊಗೆಸೊಪ್ಪಿನ ಕಾಯ್ದೆ ಇತ್ತು. ಲೈಸೆನ್ಸು ಇಲ್ಲದೆ ದಾಸ್ತಾನು ಮಾಡುವ ಹಾಗಿಲ್ಲ, ಮಾರುವ ಹಾಗಿಲ್ಲ. 1949ರಲ್ಲಿ ಎರಡೂ ಸೇರಿ ಒಂದು ರಾಜ್ಯವಾಯಿತು. 1950ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ಎಕ್ಸೈಸ್ ಕಾಯ್ದೆ ಅಲ್ಲಿಗೂ ಬಂತು. ಆದರೂ ರಾಜ್ಯ ಸರ್ಕಾರ ತನ್ನ ಹಳೆಯ ಕಾಯ್ದೆಯನ್ನೇ ಹಿಡಿದುಕೊಂಡು 1950ರ ಆಗಸ್ಟ್ 17ರಿಂದ ಹೊಸ ನಿಯಮ ಮಾಡಿ, ವ್ಯಾಪಾರಿಗಳಿಗೆ ಎ, ಬಿ, ಸಿ ಅಂತ ದರ್ಜೆ ಮಾಡಿ ಫೀಜು ವಸೂಲು ಮಾಡಿತು. ವ್ಯಾಪಾರಿಗಳು ಕೋರ್ಟಿಗೆ ಹೋದರು. ಸೇವೆ ಮಾಡಿದ್ದೀರಾ ಇಲ್ಲವಾ ಅನ್ನುವುದು ಅಲ್ಲಿ ಗೆದ್ದ ವಾದ ಅಲ್ಲ. ಕೇಂದ್ರದ ಕಾಯ್ದೆ ಬಂದ ದಿನವೇ ಅದಕ್ಕೆ ಸಮನಾದ ರಾಜ್ಯದ ಹಳೆ ಕಾಯ್ದೆ ಸತ್ತುಹೋಯಿತು, ಸತ್ತ ಕಾಯ್ದೆಯ ಕೆಳಗೆ ಫೀಜು ಹೇಗೆ ಎತ್ತುತ್ತೀರಿ, ಅನ್ನುವುದು ಗೆದ್ದ ವಾದ. 1962ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿಕೊಂಡಿತು.

ವ್ಯಾಪಾರಿಗಳಿಗೆ ಹಬ್ಬ. ಕೊಟ್ಟ ಹಣ ವಾಪಸು ಕೊಡಿ ಅಂತ ಅರ್ಜಿಗಳು ಬಿದ್ದವು. ಕೆಲವರಿಗೆ ವಾಪಸೂ ಬಂತು. ಸರ್ಕಾರ ಏನು ಮಾಡಿತು? 1964ರಲ್ಲಿ ಒಂದು ಕಾಯ್ದೆ ತಂದಿತು. 1950ರ ಆಗಸ್ಟ್ 17ರಿಂದ 1957ರ ಡಿಸೆಂಬರ್ 31ರವರೆಗೆ ವಸೂಲು ಮಾಡಿದ್ದು ಲೈಸೆನ್ಸ್ ಫೀಜಲ್ಲ, ಅದು ಹೊಗೆಸೊಪ್ಪಿನ ಮೇಲಿನ ವಿಲಾಸ ತೆರಿಗೆ ಅಂತ ಆ ಕಾಯ್ದೆ ಹೇಳಿತು. ಹಿಂದಿನ ದಿನಾಂಕಕ್ಕೆ ಹೊಸ ಹೆಸರು! ತೀರ್ಪಾದ ಮೇಲೆ ವಾಪಸು ಕೊಟ್ಟಿದ್ದ ಹಣವನ್ನೂ ತೆರಿಗೆ ಬಾಕಿ ಅಂತ ಮತ್ತೆ ವಸೂಲು ಮಾಡಬಹುದು ಅಂತಲೂ ಬರೆದುಕೊಂಡರು. ಮತ್ತೆ ಕೋರ್ಟು, ಮತ್ತೆ ಅಪೀಲು. 1975ರಲ್ಲಿ ಸುಪ್ರೀಂ ಕೋರ್ಟು ಈ ಸಲ ಸರ್ಕಾರದ ಕಡೆ ನಿಂತಿತು. ಹೊಗೆಸೊಪ್ಪು ಜೀವನಕ್ಕೆ ಬೇಕೇಬೇಕಾದ ಪದಾರ್ಥ ಅಲ್ಲ, ವಿಲಾಸದ್ದು. ವಿಲಾಸದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕೆ ಸಂವಿಧಾನದಲ್ಲೇ ಇದೆ. ಇದು ತಯಾರಿಕೆಯ ಮೇಲಿನ ಸುಂಕವೂ ಅಲ್ಲ, ಯಾಕೆಂದರೆ ಇದು ಬಿದ್ದಿರುವುದು ಮಾರಾಟ ಮತ್ತು ದಾಸ್ತಾನಿನ ಮೇಲೆ. ಅಲ್ಲಿಗೆ ವ್ಯಾಪಾರಿಗಳ ಕಥೆ ಮುಗಿಯಿತು.

ಹೊಲದಲ್ಲಿ ಬಿಸಿಲಿಗೆ ಎರಡು ಎಸಳು ಕಡ್ಡಿಪುಡಿ ಬಾಯಿಗೆ ಹಾಕಿಕೊಳ್ಳುವ ಕೂಲಿಯವನದು ವಿಲಾಸವಂತೆ! ಇದು ನನ್ನ ಸ್ವಂತ ಅಭಿಪ್ರಾಯ, ಕೋರ್ಟಿನ ಮೇಲೆ ಟೀಕೆ ಅಲ್ಲ. ಹೊಗೆಸೊಪ್ಪು ಕೆಟ್ಟದ್ದು ಅನ್ನುವುದರಲ್ಲಿ ಎರಡು ಮಾತಿಲ್ಲ, ಆದರೆ ಬಡವನ ಚಟಕ್ಕೂ ವಿಲಾಸಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಇವತ್ತಿಗೂ ಅನ್ನಿಸುತ್ತದೆ. ತಮಾಷೆ ಅಂದರೆ, 2005ರಲ್ಲಿ ಬೇರೆ ರಾಜ್ಯಗಳ ಸಿಗರೇಟು ಕಂಪನಿಗಳ ಮೊಕದ್ದಮೆಯಲ್ಲಿ ಐದು ನ್ಯಾಯಾಧೀಶರ ಸಂವಿಧಾನ ಪೀಠವೇ, ವಿಲಾಸ ತೆರಿಗೆಯನ್ನು ಸರಕಿನ ಮೇಲೆ ಹಾಕುವ ಹಾಗಿಲ್ಲ, ವಿಲಾಸವನ್ನು ಅನುಭವಿಸುವುದರ ಮೇಲೆ ಮಾತ್ರ ಹಾಕಬಹುದು ಅಂತ ಹೇಳಿತು. ಹಾಗಂತ ಕಂಪನಿಗಳು ದುಡ್ಡು ಜೇಬಿಗಿಳಿಸುವುದಕ್ಕೂ ಬಿಡಲಿಲ್ಲ. ಗಿರಾಕಿಗಳಿಂದ ಆ ತೆರಿಗೆ ಅಂತ ಎತ್ತಿದ್ದರೆ ಅದನ್ನು ಸರ್ಕಾರಕ್ಕೇ ಕಟ್ಟಿ ಅಂದರು. 1950ರಲ್ಲಿ ಫೀಜು ಕಟ್ಟಿದ ಚಿಲ್ಲರೆ ಅಂಗಡಿಯವನು 2005ಕ್ಕೆ ಎಲ್ಲಿರುತ್ತಾನೆ, ಹೇಳಿ!

ನಮ್ಮ ರಾಜ್ಯದ್ದೂ ಒಂದಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ನೆಂಟರಿರುವವರಿಗೆ ಇದು ಗೊತ್ತಿರಬಹುದು. ಅಲ್ಲಿ ರೈತರು ಬೆಳೆಯುವ ಹೊಗೆಸೊಪ್ಪನ್ನು ಬೇಯಿಸಿ, ಬೇಲು ಕಟ್ಟಿ, ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ತರುತ್ತಾರೆ. ಮಂಡಳಿ ಆಗಿದ್ದು 1975ರ ಕೇಂದ್ರ ಕಾಯ್ದೆಯಿಂದ. ನಮ್ಮ ರಾಜ್ಯದ ಕೃಷಿ ಮಾರುಕಟ್ಟೆ ಕಾಯ್ದೆ 1966ರದ್ದು, ಅದರ ಕೆಳಗೆ ಎ.ಪಿ.ಎಂ.ಸಿ.ಗಳು ಮಾರುಕಟ್ಟೆ ಶುಲ್ಕ ಕೇಳುತ್ತವೆ. ಕೊಳ್ಳುವ ಕಂಪನಿ ಐ.ಟಿ.ಸಿ., ಹೊಗೆಸೊಪ್ಪಿನ ವಿಚಾರ ಕೇಂದ್ರ ತೆಗೆದುಕೊಂಡಾಗಿದೆ, ನಿಮಗೆ ಶುಲ್ಕ ಕೊಡಬೇಕಾಗಿಲ್ಲ ಅಂತ ಕೋರ್ಟಿಗೆ ಹೋಯಿತು. 1985ರಲ್ಲಿ ಸುಪ್ರೀಂ ಕೋರ್ಟು ಕಂಪನಿಯ ವಾದ ಒಪ್ಪಿತು. 2002ರಲ್ಲಿ ಸಂವಿಧಾನ ಪೀಠ ಆ ತೀರ್ಪನ್ನು ತಿರುಗಿಸಿತು, ಅದೂ ಮೂರಕ್ಕೆ ಎರಡು ಮತದಿಂದ. ಉದ್ಯಮ ಅಂದರೆ ಕಾರ್ಖಾನೆಯ ತಯಾರಿಕೆ, ಹೊಲದಲ್ಲಿ ಬೆಳೆದ ಸೊಪ್ಪಿನ ಮಾರುಕಟ್ಟೆ ರಾಜ್ಯದ್ದೇ, ಶುಲ್ಕ ಎತ್ತಬಹುದು ಅಂತ. ಐದು ಜನ ದೊಡ್ಡ ನ್ಯಾಯಾಧೀಶರಲ್ಲೇ ಇಬ್ಬರು ಒಂದು ಕಡೆ, ಮೂವರು ಒಂದು ಕಡೆ. ಇಂಥ ಪ್ರಶ್ನೆಯನ್ನು ಹದಿನೇಳು ವರ್ಷ ಎತ್ತಿಹಿಡಿದು ನಿಲ್ಲುವುದಕ್ಕೆ ಕಂಪನಿಗೆ ತಾಕತ್ತಿದೆ. ಆರಡಿ ಪೆಟ್ಟಿಗೆ ಅಂಗಡಿಗೆ ಇದೆಯಾ?

ಇನ್ನು ಪಾಲಿಕೆಯ ಲೈಸೆನ್ಸು. ಬೆಂಗಳೂರಿನಲ್ಲಿ ವ್ಯಾಪಾರದ ಲೈಸೆನ್ಸು ಬಹಳ ಕಾಲ ನಡೆದದ್ದು 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಕೆಳಗೆ. ಯಾವ ಯಾವ ವ್ಯಾಪಾರಕ್ಕೆ ಲೈಸೆನ್ಸು ಬೇಕು ಅನ್ನುವ ಪಟ್ಟಿ ಅದರ ಹತ್ತನೇ ಷೆಡ್ಯೂಲಿನಲ್ಲಿದೆ. ಆಮೇಲೆ 2020ರಲ್ಲಿ ಬೆಂಗಳೂರಿಗೇ ಬೇರೆ ಕಾಯ್ದೆ ಬಂತು. 2025ರಲ್ಲಿ ಊರನ್ನು ಐದು ಪಾಲಿಕೆಗಳಾಗಿ ಮಾಡಿದರು. ಆದ್ದರಿಂದ ಹಳೆ ನೋಟೀಸು ಹಿಡಿದುಕೊಂಡು ಹೋಗುವವರು ಮೊದಲು ತಮ್ಮ ಅಂಗಡಿ ಈಗ ಯಾವ ಪಾಲಿಕೆಗೆ ಸೇರಿದೆ ಅಂತ ವಿಚಾರಿಸಿಕೊಳ್ಳಬೇಕು. ಬಾಗಿಲು ತಪ್ಪಿ ಅರ್ಜಿ ಕೊಟ್ಟರೆ ವಾಯಿದೆ ಮೀರುತ್ತದೆ.

ಈ ಫೀಜು ತೆರಿಗೆಯೋ ಅಲ್ಲವೋ? ಕಲ್ಕತ್ತಾದಲ್ಲಿ ಒಂದು ಸಿನಿಮಾ ಮಂದಿರಕ್ಕೆ ವರ್ಷಕ್ಕೆ 400 ರೂಪಾಯಿ ಇದ್ದ ಲೈಸೆನ್ಸ್ ಫೀಜನ್ನು 6,000ಕ್ಕೆ ಏರಿಸಿದ್ದರು. 1964ರಲ್ಲಿ ಸುಪ್ರೀಂ ಕೋರ್ಟು, ಇದಕ್ಕೆ ಫೀಜು ಅಂತ ಹೆಸರಿದ್ದರೂ ಇದು ತೆರಿಗೆ, ಆದರೆ ಹಾಕುವ ಅಧಿಕಾರ ಕಾಯ್ದೆಯಲ್ಲಿದೆ, ಸರಿ ಅಂತ ಬಿಟ್ಟಿತು. ಪಂಜಾಬಿನಲ್ಲಿ ಮಾರುಕಟ್ಟೆ ಶುಲ್ಕವನ್ನು ನೂರಕ್ಕೆ 2 ರೂಪಾಯಿಂದ 3ಕ್ಕೆ ಏರಿಸಿದಾಗ 1979ರಲ್ಲಿ ಅದೇ ಕೋರ್ಟು, 2ರವರೆಗೆ ಸರಿ, ಮೇಲಿನದು ಸಲ್ಲದು ಅಂದಿತು. 1983ರಲ್ಲಿ ಆಂಧ್ರದ ಮೊಕದ್ದಮೆಯಲ್ಲಿ, ಕೊಟ್ಟ ರೂಪಾಯಿಗೆ ಸರಿಯಾಗಿ ರೂಪಾಯಿ ಸೇವೆ ಅಂತ ತಕ್ಕಡಿ ಹಿಡಿಯಬೇಕಾಗಿಲ್ಲ, ಒಟ್ಟಾರೆ ಸಂಬಂಧ ಇದ್ದರೆ ಸಾಕು ಅಂದಿತು. 1999ರಲ್ಲಿ ಹೈದರಾಬಾದಿನ ಹೋಟೆಲುಗಳ ವಿಚಾರದಲ್ಲಿ ಇನ್ನೂ ಸ್ಪಷ್ಟವಾಯಿತು. ಫೀಜುಗಳಲ್ಲಿ ಎರಡು ಜಾತಿ. ಸೇವೆಗೆ ಪ್ರತಿಫಲವಾಗಿ ತೆಗೆದುಕೊಳ್ಳುವುದು ಒಂದು. ವ್ಯಾಪಾರದ ಮೇಲೆ ನಿಗಾ ಇಡುವುದಕ್ಕೆ, ಅಂದರೆ ನಿಯಂತ್ರಣಕ್ಕೆ ತೆಗೆದುಕೊಳ್ಳುವುದು ಇನ್ನೊಂದು. ಎರಡನೆಯದಕ್ಕೆ ನೀವು ನನಗೇನು ಸೇವೆ ಮಾಡಿದಿರಿ ಅಂತ ಕೇಳುವ ಹಾಗಿಲ್ಲ. ಅತಿಯಾಗಿದೆ ಅಂತ ಮಾತ್ರ ಕೇಳಬಹುದು. ಲೈಸೆನ್ಸ್ ಫೀಜು ಈ ಎರಡನೆಯ ಜಾತಿಯದು. ಹೊಗೆಸೊಪ್ಪಿನ ವ್ಯಾಪಾರದ ಮೇಲೆ ನಿಗಾ ಬೇಕಿಲ್ಲ ಅಂತ ಇವತ್ತು ಯಾವ ಕೋರ್ಟಿನಲ್ಲಿ ಯಾವ ವಕೀಲ ವಾದ ಮಾಡಿಯಾನು? ಅದಕ್ಕೇ ಹೇಳಿದ್ದು, ಶಿರೂರು ಮಠದ ತೀರ್ಪು ಒಂದನ್ನೇ ಜೇಬಿನಲ್ಲಿಟ್ಟುಕೊಂಡು ಅಠಾರಾ ಕಚೇರಿಯ ಮೆಟ್ಟಿಲು ಹತ್ತಬೇಡಿ ಅಂತ.

ಹಾಗಾದರೆ ಬಾಕಿ ತಗಾದೆ ಬಂದವರು ಕೇಳಿದ್ದಷ್ಟನ್ನೂ ತೆಪ್ಪಗೆ ಕಟ್ಟಬೇಕಾ? ಇಲ್ಲ. ಇಲ್ಲೇ ನಾನು ಒಂದು ಪ್ರಸಂಗ ಹೇಳಬೇಕು. ಹೆಸರು ಬೇಡ, ಈ ಸಭೆಯಲ್ಲೇ ಅವರ ಕಡೆಯವರು ಇದ್ದಾರೆ.

ಬಸವನಗುಡಿ ಕಡೆ ಅಂಗಡಿ ಇಟ್ಟಿದ್ದ ತಮ್ಮ ಸದಸ್ಯರೊಬ್ಬರು ಐದು ವರ್ಷದ ಬಾಕಿ ನೋಟೀಸು ಹಿಡಿದು ನನ್ನ ಹತ್ತಿರ ಬಂದರು. ಫೀಜಿನ ಮೇಲೆ ದಂಡ, ದಂಡದ ಮೇಲೆ ಇನ್ನೇನೋ ಸೇರಿ ಅಸಲಿಗಿಂತ ಬಾಲವೇ ದೊಡ್ಡದಾಗಿತ್ತು. ಅವರೂ ಇದೇ ಮಾತು ಅಂದರು, "ಸಾರ್, ಇದು ತೆರಿಗೆ, ಹೈಕೋರ್ಟಿಗೆ ಹಾಕಿ." ನಾನು ಕೇಳಿದೆ, "ಐದು ವರ್ಷವೂ ಅಂಗಡಿ ತೆಗೆದಿದ್ರಾ?" "ಎಲ್ಲಿ ಸಾರ್, ನಮ್ಮಪ್ಪನಿಗೆ ಲಕ್ವ ಹೊಡೆದು ಎರಡು ವರ್ಷ ಊರಲ್ಲೇ ಇದ್ದೆ, ಬೀಗ ಹಾಕಿತ್ತು" ಅಂದರು. ಅಂಗಡಿ ಮುಚ್ಚಿದ್ದು ಆ ಕಚೇರಿಗೆ ಬರೆದು ತಿಳಿಸಿದ್ದೀರಾ ಅಂದರೆ, ಇಲ್ಲ. ಬಾಯಲ್ಲಿ ಹೇಳಿದ್ದರಂತೆ. ಬಾಯಲ್ಲಿ ಹೇಳಿದ್ದು ಫೈಲಿನಲ್ಲಿ ಇರುವುದಿಲ್ಲ.

ಮುಚ್ಚಿದ್ದಕ್ಕೆ ಸಾಕ್ಷಿ ಏನು? ವಿದ್ಯುತ್ ಬಿಲ್ಲುಗಳನ್ನು ತರಿಸಿದೆ. ಕೆಲವು ಸಿಕ್ಕವು, ಕೆಲವು ಇಲಿ ತಿಂದಿತ್ತು. ಆಗ ಅವರಿಗೇ ನೆನಪಾಯಿತು, ಅಂಗಡಿ ಮುಚ್ಚಿದೆ, ಕಂತು ಮುಂದೂಡಿ ಅಂತ ಈ ಸಂಘಕ್ಕೆ ಅರ್ಜಿ ಕೊಟ್ಟಿದ್ದೆ ಅಂತ. ಕಾರ್ಯದರ್ಶಿಗಳು ಹಳೆ ನಡಾವಳಿ ಪುಸ್ತಕ ತೆಗೆದು ನೋಡಿದರೆ, ತಾರೀಖು ಸಮೇತ ಠರಾವು ಇದೆ: ಸದರಿ ಸದಸ್ಯರ ಅಂಗಡಿ ಮುಚ್ಚಿರುವುದರಿಂದ ಕಂತುಗಳನ್ನು ಮುಂದೂಡಲಾಗಿದೆ ಅಂತ. ಮತ್ತೆ ಅಂಗಡಿ ತೆರೆದ ತಿಂಗಳಿಂದ ಲೆಡ್ಜರಿನಲ್ಲಿ ಕಂತು ಜಮಾ. ಸಂಘದ ಮೊಹರು ಹಾಕಿ ದೃಢೀಕೃತ ನಕಲು ಕೊಟ್ಟರು. ನಾವು ಮಾಡಿದ್ದು ಇಷ್ಟೆ. ವ್ಯಾಪಾರ ಮಾಡಿದ ಮೂರು ವರ್ಷದ ಫೀಜನ್ನು, ಆಕ್ಷೇಪಣೆಗೆ ಒಳಪಟ್ಟು ಅಂತ ಕಾಗದ ಬರೆದು ಕಟ್ಟಿ ರಸೀದಿ ತೆಗೆದುಕೊಂಡೆವು. ಮುಚ್ಚಿದ ಎರಡು ವರ್ಷದ್ದಕ್ಕೂ ದಂಡಕ್ಕೂ ಅಪೀಲು ಹಾಕಿದೆವು, ವಾಯಿದೆಯೊಳಗೆ. ಅಪೀಲು ಕೇಳಿದ ಅಧಿಕಾರಿ ಮೊದಲು ನಂಬಲಿಲ್ಲ. ಸಂಘದ ಠರಾವಿನ ತಾರೀಖು ನೋಟೀಸಿಗಿಂತ ಮೂರು ವರ್ಷ ಹಿಂದಿನದು, ಇದನ್ನು ಈ ಕೇಸಿಗೋಸ್ಕರ ಹುಟ್ಟಿಸಿದ್ದಲ್ಲ ಅಂತ ತೋರಿಸಿದ ಮೇಲೆ ಎರಡು ವರ್ಷದ ಬಾಕಿ ಬಿಟ್ಟರು, ದಂಡದಲ್ಲಿ ಮುಕ್ಕಾಲು ಪಾಲು ಇಳಿಸಿದರು. ಸಂವಿಧಾನದ ಮಾತು ಒಂದೂ ಬರಲಿಲ್ಲ. ಆ ಠರಾವು ಬರೆದ ಗುಮಾಸ್ತರು ಈಗ ನಿವೃತ್ತರಾಗಿದ್ದಾರಂತೆ. ಅವರ ಕೈಬರಹ ದುಂಡಗಿತ್ತು, ಅಧಿಕಾರಿಗೆ ಓದಲು ಕಷ್ಟವಾಗಲಿಲ್ಲ. ಇವತ್ತು ವೇದಿಕೆಯ ಮೇಲೆ ಸನ್ಮಾನ ಮಾಡುವವರ ಪಟ್ಟಿಯಲ್ಲಿ ಅವರ ಹೆಸರು ಇದೆಯೋ ಇಲ್ಲವೋ ನೋಡಿ.

ಚಾಮರಾಜಪೇಟೆಯಲ್ಲಿ ನಮ್ಮ ಆಫೀಸಿಗೆ ಹೋಗುವ ದಾರಿಯಲ್ಲೇ ಅಪೆಕ್ಸ್ ಬ್ಯಾಂಕಿನ ಕಟ್ಟಡ, 1907ರ ಸಿಟಿ ಸಹಕಾರಿ ಬ್ಯಾಂಕು ಎಲ್ಲ ಇವೆ. ದಿನಾ ನೋಡುತ್ತೇನೆ. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮೊದಲ ಸಂಘ ಕಟ್ಟಿದ್ದು ಸಾಹುಕಾರರ ಬಡ್ಡಿಯಿಂದ ರೈತನನ್ನು ಬಿಡಿಸುವುದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಸಂಘದ ನಡಾವಳಿ ಪುಸ್ತಕ ಕೋರ್ಟಿನಲ್ಲಿ ಸದಸ್ಯನ ಪರವಾಗಿ ಮಾತಾಡುತ್ತದೆ ಅನ್ನುವುದನ್ನು ಯಾರೂ ಭಾಷಣದಲ್ಲಿ ಹೇಳುವುದಿಲ್ಲ, ಅದಕ್ಕೆ ನಾನು ಹೇಳಿದೆ.

ಇನ್ನೊಂದು ಮಾತು, ಇದು ಸ್ವಲ್ಪ ಕಹಿ. ಫೀಜಿನ ಬಾಕಿ ತೀರಿಸಿಬಿಟ್ಟರೆ ಅಂಗಡಿ ಉಳಿಯಿತು ಅಂತ ತಿಳಿಯಬೇಡಿ. 2003ರ ಕೇಂದ್ರ ಕಾಯ್ದೆ ಪ್ರಕಾರ ಶಾಲೆ ಕಾಲೇಜಿನ ಸುತ್ತ 100 ಗಜದೊಳಗೆ ಹೊಗೆಸೊಪ್ಪಿನ ಪದಾರ್ಥ ಮಾರುವ ಹಾಗಿಲ್ಲ. ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು, ನ್ಯಾಷನಲ್ ಕಾಲೇಜು, ಆಚಾರ್ಯ ಪಾಠಶಾಲೆ, ಚಾಮರಾಜಪೇಟೆಯಲ್ಲಿ ಕೋಟೆ ಹೈಸ್ಕೂಲು, ಮಲ್ಲೇಶ್ವರದಲ್ಲಿ ಎಂ.ಇ.ಎಸ್. ಕಾಲೇಜು. ಇವುಗಳ ಜೊತೆ ಗಲ್ಲಿಗೊಂದು ಶಿಶುವಿಹಾರ. ಹಗ್ಗ ಹಿಡಿದು 100 ಗಜ ಅಳೆದರೆ ಆ ಬಡಾವಣೆಗಳಲ್ಲಿ ಬೀಡಿ ಮಾರುವುದಕ್ಕೆ ಎಷ್ಟು ಜಾಗ ಉಳಿಯುತ್ತದೆ, ತಾವೇ ಲೆಕ್ಕ ಹಾಕಿ. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. 2017ರಲ್ಲಿ ಬಿಡಿ ಸಿಗರೇಟು ಮಾರಬಾರದು ಅಂತ ಆಜ್ಞೆಯಾಯಿತು. ಅದೇ ವರ್ಷ ಕೇಂದ್ರ ಆರೋಗ್ಯ ಮಂತ್ರಾಲಯ, ಹೊಗೆಸೊಪ್ಪು ಮಾರುವವರಿಗೆ ಸ್ಥಳೀಯ ಸಂಸ್ಥೆಗಳಿಂದ ಪ್ರತ್ಯೇಕ ಲೈಸೆನ್ಸು ಕೊಡಿಸಿ, ಆ ಅಂಗಡಿಯಲ್ಲಿ ಮಕ್ಕಳು ಬಂದು ಕೊಳ್ಳುವ ಮಿಠಾಯಿ ಬಿಸ್ಕತ್ತು ಬೇಡ ಅಂತ ರಾಜ್ಯಗಳಿಗೆ ಬರೆಯಿತು. 2025ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು, ಕೊಳ್ಳುವವನಿಗೆ 18 ಅಲ್ಲ, 21 ವರ್ಷ ತುಂಬಿರಬೇಕು ಅಂತಾಯಿತು. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1,000ಕ್ಕೆ ಏರಿತು.

ಪೆಟ್ಟಿಗೆ ಅಂಗಡಿಯವನ ಲಾಭ ಇರುವುದೇ ಬಿಡಿಯಾಗಿ ಮಾರುವುದರಲ್ಲಿ, ಅದು ನನಗೂ ಗೊತ್ತು. ಪ್ಯಾಕು ಕೊಳ್ಳುವವರು ದೊಡ್ಡ ಅಂಗಡಿಗೆ ಹೋಗುತ್ತಾರೆ. ಹಾಗಾಗಿ ಆಡಳಿತ ಮಂಡಳಿಯವರಲ್ಲಿ ನನ್ನ ಒಂದು ವಿನಂತಿ. ಇನ್ನು ಮುಂದೆ ಅಂಗಡಿ ಸಾಲ ಮಂಜೂರು ಮಾಡುವಾಗ ಜಾಮೀನುದಾರರ ಪಹಣಿ ಒಂದನ್ನೇ ನೋಡಬೇಡಿ. ಅಂಗಡಿಯ ಲೈಸೆನ್ಸಿನ ನಕಲು, ನವೀಕರಣದ ರಸೀದಿ, ಹತ್ತಿರದ ಶಾಲೆಗೆ ಎಷ್ಟು ದೂರ, ಇದನ್ನೂ ಕೇಳಿ. ಎಲೆ ಅಡಿಕೆ ಬೀಡಿಯ ಬದಲು ಹೂವು, ಹಣ್ಣು, ತರಕಾರಿ, ಹಾಲಿಗೆ ತಿರುಗಿಕೊಳ್ಳುತ್ತೇನೆ ಅನ್ನುವ ಸದಸ್ಯನಿಗೆ ಹಳೆ ಸಾಲ ತೀರುವ ಮೊದಲೇ ಸಣ್ಣದೊಂದು ಹೆಚ್ಚುವರಿ ಸಾಲ ಕೊಡಲು ಬೈಲಾದಲ್ಲಿ ಅವಕಾಶ ಇದೆಯೇ ನೋಡಿ, ಇಲ್ಲದಿದ್ದರೆ ಮುಂದಿನ ವಾರ್ಷಿಕ ಮಹಾಸಭೆಗೆ ತನ್ನಿ. ಗಾಂಧಿ ಬಜಾರಿನಲ್ಲಿ ಹೂವಿಗೆ ಗಿರಾಕಿ ಇಲ್ಲದ ದಿನ ನಾನು ನೋಡಿಲ್ಲ. ಸಂಘದ ಸ್ವಂತ ಮಳಿಗೆಯಲ್ಲಿ ಬೀಡಿ ಇಡಬೇಕೋ ಬೇಡವೋ ಅಂತ ನಿನ್ನೆ ಚರ್ಚೆ ಆಯಿತಂತೆ. ಬೇಡ ಅನ್ನುವವರ ಪಕ್ಷ ನನ್ನದು. ಆದರೆ ಇಡುತ್ತೇವೆ ಅಂತ ತೀರ್ಮಾನ ಮಾಡಿದರೆ ಲೈಸೆನ್ಸು ತೆಗೆದೇ ಇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಅಡಿಗೆಯವರೂ ಎರಡು ಸಲ ಇಣುಕಿ ಹೋದರು. ನೋಟೀಸು ಬಂದಿರುವ ಮನೆಯವರು ಊಟವಾದ ಮೇಲೆ ಸಂಘದ ಆಫೀಸಿಗೆ ಬನ್ನಿ. ನೋಟೀಸಿನ ಜೊತೆಗೆ ಅದು ಬಂದ ಲಕೋಟೆಯನ್ನೂ ತನ್ನಿ, ಅಪೀಲಿನ ವಾಯಿದೆ ಲೆಕ್ಕ ಹಾಕುವುದಕ್ಕೆ ಅದರ ಮೇಲಿನ ಅಂಚೆ ಮುದ್ರೆಯ ತಾರೀಖು ಬೇಕು. ಹಳೆ ರಸೀದಿ, ಕರೆಂಟು ಬಿಲ್ಲು, ಬಾಡಿಗೆ ಚೀಟಿ ಏನಿದ್ದರೂ ಸರಿ, ಹರಿದಿದ್ದರೂ ಸರಿ. ಸಾಯಂಕಾಲದ ಬಸ್ಸಿನವರೆಗೂ ನಾನು ಇಲ್ಲೇ ಇರುತ್ತೇನೆ.